ಎರಡನೆಯ ಚಿಪ್ಪು

ಆ ದಿನವೂ ಎಲ್ಲ ದಿನದಂತೆಯೇ ಶುರುವಾಯಿತು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಹಂಡೆ ಒಲೆಗೆ ತೆಂಗಿನ ಗರಿ ತುರುಕಿ ಒಳಗೆ ಬಂದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಮ್ಮವರು ಮಫ್ಲರ್ ಸುತ್ತಿಕೊಂಡು ಸಿದ್ಧರಾಗಿದ್ದರು. ಕಾಫಿಯನ್ನು ಅವರು ಯಾವತ್ತೂ ನಿಂತುಕೊಂಡೇ ಕುಡಿಯುತ್ತಿದ್ದರು. ಯಲಹಂಕ ಹಳೇ ಊರಿನ ನಮ್ಮ ಬಾಡಿಗೆ ಮನೆಯ ಹೆಂಚಿನ ಮೇಲೆ ಮೊದಲ ವಿಮಾನ ಗುರ್ ಅಂದುಕೊಂಡು ಹಾದುಹೋಗುವ ಮುಂಚೆ ಅವರು ಚಿಕ್ಕಜಾಲದ ದಾರಿಯ ಸಂಶೋಧನಾ ತೋಟದಲ್ಲಿರಬೇಕು. ಬಾಳೆಯ ಹೆಣ್ಣುಹೂವಿನ ತುದಿಯಲ್ಲಿ ಬೆಳಗಿನ ಹೊತ್ತು ಒಂದು ಬಗೆಯ ಅಂಟಿರುತ್ತದೆ. ಬಿಸಿಲೇರಿದರೆ ಅದು ಒಣಗಿಬಿಡುತ್ತದೆ, ಆಮೇಲೆ ಪರಾಗ ಸವರಿ ಉಪಯೋಗವಿಲ್ಲ. ಹಾಗಾಗಿ ಮದುವೆಯಾದಾಗಿನಿಂದ ನಮ್ಮ ಮನೆಯ ಗಡಿಯಾರ ಬಾಳೆಹೂವಿನದು.

ನಾನು ಎರಡು ಡಬ್ಬಿ ಕಟ್ಟಿದೆ. ಒಂದು ಅವರಿಗೆ, ಇನ್ನೊಂದು ಅವರ ಸಹಾಯಕಿಗೆ.

ಆ ಹುಡುಗಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಧಾರವಾಡದ ಕಡೆಯವಳು, ಕೃಷಿ ಓದಿದವಳು, ವಯಸ್ಸು ಇಪ್ಪತ್ಮೂರೋ ಇಪ್ಪತ್ನಾಲ್ಕೋ. ರೈಲ್ವೆ ಸ್ಟೇಷನ್ ಹತ್ತಿರ ಒಬ್ಬ ಅಜ್ಜಿಯ ಮನೆಯಲ್ಲಿ ರೂಮು ಹಿಡಿದಿದ್ದಳು. ಸೇರಿದ ಮೊದಲ ವಾರವೇ ನಮ್ಮವರು, "ಪಾಪ, ಆ ಹುಡುಗಿ ಮಧ್ಯಾಹ್ನ ಬರೀ ಬನ್ನು ತಿಂತಾಳೆ ಕಣೇ. ಎರಡು ಚಪಾತಿ ಜಾಸ್ತಿ ಮಾಡಿದ್ರೆ ನಿಂಗೆ ಕಷ್ಟ ಆಗುತ್ತಾ?" ಅಂದಿದ್ದರು. ಹಿಟ್ಟು ಕಲಸುವ ಕೈಗೆ ಎರಡು ಚಪಾತಿ ಯಾವ ಕಷ್ಟ? ಮಾಡಿದೆ, ದಿನಾ ಮಾಡಿದೆ. ಆದರೆ ಅವಳ ಚಪಾತಿಗೆ ಮಾತ್ರ ಎಣ್ಣೆ ಒಂದಿಷ್ಟು ಕಡಿಮೆ ಸವರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಚು ಗಟ್ಟಿಯಾಗಲಿ ಅಂತ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

"ಇವತ್ತು ಹತ್ತು ಗಂಟೆಗೆ ಜೀಪು ಬರುತ್ತೆ, ಗೊನೆ ತಗೊಂಡು ಹೋಗೋಕೆ. ಹಣ್ಣಾಗಿದೆ ತಾನೆ?" ಸ್ಕೂಟರಿಗೆ ಕಿಕ್ ಹೊಡೆಯುತ್ತಾ ಕೇಳಿದರು.

"ಆಗಿದೆ. ಯಾರು ಬರ್ತಾರೆ?"

"ಅವಳೇ ಬರ್ತಾಳೆ. ಜೋಪಾನವಾಗಿ ಕೊಡು, ಅದು ಕೊನೇ ಗೊನೆ."

ಜೋಪಾನದ ಪಾಠ ನನಗೆ! ಸ್ಕೂಟರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.

ಬಾಳೆಹಣ್ಣಿಗೂ ನನಗೂ ಏನು ಸಂಬಂಧ ಅಂತ ಸ್ವಲ್ಪ ಹೇಳಬೇಕು. ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬೀಜವಿಲ್ಲ. ಬುಡದ ಕಂದು ಕಿತ್ತು ನೆಟ್ಟರೆ ಇನ್ನೊಂದು ಗಿಡ, ಅದರ ಕಂದಿನಿಂದ ಮತ್ತೊಂದು. ಹಾಗಾಗಿ ಒಂದು ತೋಟದ ರಸಬಾಳೆಯೆಲ್ಲ ಒಂದೇ ಗಿಡ ಇದ್ದ ಹಾಗೆ. ಒಂದಕ್ಕೆ ಬಂದ ಕಾಯಿಲೆ ಎಲ್ಲಕ್ಕೂ ಬರುತ್ತದೆ. ಸೊರಗು ರೋಗ ಅಂತ ಒಂದಿದೆ. ಮಣ್ಣಿನಿಂದ ಬೇರಿಗೆ ಹತ್ತುತ್ತದೆ. ಎಲೆಗಳು ಹಳದಿಯಾಗಿ ಒಂದೊಂದಾಗಿ ಬುಡದ ಸುತ್ತ ಜೋತುಬಿದ್ದು, ಗಿಡ ಹಳೇ ಲಂಗ ಉಟ್ಟುಕೊಂಡು ನಿಂತ ಹಾಗೆ ಕಾಣುತ್ತದೆ. ಬುಡ ಕುಯ್ದರೆ ಒಳಗೆ ಕಂದುಗೆಂಪು ಉಂಗುರಗಳು. ಒಮ್ಮೆ ಆ ಮಣ್ಣಿಗೆ ಬಂದರೆ ರಸಬಾಳೆಯ ಕಥೆ ಅಲ್ಲಿಗೆ ಮುಗಿಯಿತು.

ನಮ್ಮವರ ಹತ್ತಿರ ಈಶಾನ್ಯದ ಕಾಡಿನಿಂದ ತರಿಸಿದ ಒಂದು ಬಾಳೆಯಿತ್ತು. ಹಣ್ಣು ಬೆರಳುದ್ದ, ಒಳಗೆಲ್ಲ ಮೆಣಸಿನಂಥ ಕಪ್ಪು ಬೀಜ, ಬಾಯಿಗಿಡುವ ಹಾಗಿಲ್ಲ. ಆದರೆ ಸೊರಗು ರೋಗ ಅದನ್ನು ಮುಟ್ಟುತ್ತಿರಲಿಲ್ಲ. ಅದರ ಪರಾಗವನ್ನು ರಸಬಾಳೆಯ ಹೂವಿಗೆ ಸವರುತ್ತಿದ್ದರು. ಹಾಗೆ ಸವರಿದ ಗೊನೆಗಳಲ್ಲಿ ಎಲ್ಲೋ ಒಂದು ಹಣ್ಣಿನಲ್ಲಿ ಒಂದು ಬೀಜ ಕಟ್ಟಿದರೆ ಅದೃಷ್ಟ. ಆ ಬೀಜದ ಗಿಡಕ್ಕೆ ತಾಯಿಯ ರುಚಿ, ತಂದೆಯ ಗಟ್ಟಿತನ ಎರಡೂ ಬಂದೀತು ಅನ್ನುವುದು ಅವರ ಆಸೆ. ಬಂದೇ ಬರುತ್ತದೆ ಅಂತಲ್ಲ, ಬಂದೀತು ಅಂತ.

ಮೂರು ವರ್ಷ ಆ ಬೀಜ ಹುಡುಕಿದವಳು ನಾನು.

ಆಗ ಅವರ ವಿಭಾಗದಲ್ಲಿ ಸಹಾಯಕರ ಹುದ್ದೆ ಖಾಲಿ ಇತ್ತು. ಪ್ರಯೋಗಶಾಲೆಯಲ್ಲಿ ಗೊನೆ ಹಣ್ಣಿಗಿಟ್ಟರೆ ಇಲಿ, ಇಲಿ ಬಿಟ್ಟರೆ ಕೋತಿ. ಅದಕ್ಕೇ ಗೊನೆಗಳು ಸ್ಕೂಟರಿನ ಹಿಂದಿನ ಸೀಟಿಗೆ ಕಟ್ಟಿಸಿಕೊಂಡು ನಮ್ಮ ಮನೆಗೆ ಬರುತ್ತಿದ್ದವು. ಉಗ್ರಾಣದಲ್ಲಿ ಹಳೇ ಡ್ರಮ್ಮಿಗೆ ರಾಗಿ ಹುಲ್ಲು ತುಂಬಿ, ನಡುವೆ ಗೊನೆ ಕೂರಿಸಿ, ಎರಡು ಊದುಬತ್ತಿ ಹಚ್ಚಿಟ್ಟು ಗೋಣಿ ಮುಚ್ಚಿದರೆ ನಾಲ್ಕನೆಯ ದಿನಕ್ಕೆ ಹಣ್ಣು. ಮಧ್ಯಾಹ್ನ ಊಟವಾದ ಮೇಲೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಒಂದೊಂದೇ ಸುಲಿದು, ಬೇಸಿನ್ನಿನ ನೀರಿನಲ್ಲಿ ಹಿಸುಕಿ, ಜರಡಿಗೆ ಸುರಿದು, ಬೆರಳ ತುದಿಯಲ್ಲಿ ತಡಕುತ್ತಿದ್ದೆ. ಉಳಿದ ತಿರುಳು ಹಾಲಿನವನ ಹಸುವಿಗೆ. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಸೂತಿ ಕಲಿಸುವಾಗ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕಿತ್ತು. ತಪ್ಪಿದರೆ ಪೂರ್ತಿ ಬಿಚ್ಚಿಸುತ್ತಿದ್ದರು. ಆ ಕಣ್ಣು, ಆ ಬೆರಳು ಪಿಯುಸಿಗೇ ಓದು ನಿಂತ ನನಗೆ ಬೇರೆಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ. ಜರಡಿಯ ಮುಂದೆ ಬಂತು.

ಮೊದಲ ಬೀಜ ಸಿಕ್ಕಿದ ದಿನ ಅವರು ಮನೆಗೆ ಬರುವವರೆಗೂ ಅದನ್ನು ಅಂಗೈಯಲ್ಲೇ ಹಿಡಿದು ಕೂತಿದ್ದೆ. ನೀರಿಗೆ ಹಾಕಿ ನೋಡಿದರು. ತೇಲಿದರೆ ಪೊಳ್ಳು, ಮುಳುಗಿದರೆ ಒಳಗೆ ಜೀವವಿದೆ ಅಂತ ಅರ್ಥ. ಮುಳುಗಿತು. "ನಿಂದು ಕಣ್ಣಲ್ಲ ಕಣೇ, ಭೂತಗನ್ನಡಿ!" ಅಂದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಸಾರಿಗೆ, ಪಲ್ಯಕ್ಕೆ, ಮಕ್ಕಳ ಮಾರ್ಕಿಗೆ ಅವರು ನನ್ನನ್ನು ಹೊಗಳಿದ್ದುಂಟು. ಇದು ಅಂಥದ್ದಲ್ಲ. ಮೂರು ವರ್ಷದಲ್ಲಿ ಐದು ಬೀಜ ತೆಗೆದೆ. ಒಂದೂ ಮೊಳೆಯಲಿಲ್ಲ. ಆದರೂ ನಾನು ಸಂತೋಷವಾಗಿದ್ದೆ.

ಆಮೇಲೆ ಹುದ್ದೆ ಮಂಜೂರಾಯಿತು. ಆ ಸಂಜೆ ಅರ್ಧ ಕೇಜಿ ಮೈಸೂರುಪಾಕು ತಂದು, "ಇನ್ಮೇಲೆ ನಿಂಗೆ ಈ ಗೋಳಿಲ್ಲ ಬಿಡು. ಮಧ್ಯಾಹ್ನ ಆರಾಮಾಗಿ ಮಲಕ್ಕೋ" ಅಂದರು. ನನಗೆ ಒಳ್ಳೆಯದು ಮಾಡಿದೆ ಅನ್ನುವ ಖುಷಿ ಅವರ ಮುಖದ ತುಂಬ ಇತ್ತು. ಗೋಳು ಅಂತ ನಾನೆಂದೂ ಹೇಳಿರಲಿಲ್ಲ. ಆದರೆ ಬೇಡ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಸಂಬಳವಿಲ್ಲದ ಕೆಲಸವನ್ನು ನನಗೇ ಬಿಡಿ ಅಂತ ಯಾರಾದರೂ ಕೇಳುತ್ತಾರೆಯೇ?

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ. ರಾತ್ರಿ ತಟ್ಟೆ ಮುಂದೆ ಕೂತರೆ ಅವಳದೇ ಸುದ್ದಿ. ಅವಳು ಹೀಗಂದಳು, ಅವಳು ಹಾಗೆ ಮಾಡಿದಳು. ಪೆನ್ಸಿಲನ್ನು ಜಡೆಯೊಳಗೆ ಸಿಕ್ಕಿಸಿಕೊಂಡು ಅದನ್ನೇ ಇಡೀ ಮಧ್ಯಾಹ್ನ ಹುಡುಕಿದಳಂತೆ. ಮೊದಲ ತಿಂಗಳಲ್ಲೇ ಮೂರು ಬೀಜ ತೆಗೆದಳಂತೆ. "ಆಕೆ ಕೈಗುಣ ಭಾಳ ಚಲೋ ಅದ" ಅಂತ ಅವಳ ಮಾತಿನ ಧಾಟಿಯನ್ನೇ ಅಣಕಿಸಿ ನಕ್ಕರು. ಅಣಕಿಸುತ್ತಾ ಅಣಕಿಸುತ್ತಾ ಆ ಮಾತು ಅವರ ನಾಲಿಗೆಯ ಮೇಲೆ ಕೂತುಬಿಟ್ಟಿತು. ಒಂದು ದಿನ ನನ್ನ ಹುಳಿಯನ್ನು ಉಂಡು "ಚಲೋ ಆಗಿದೆ" ಅಂದರು. ಹೊಗಳಿಕೆ ನನಗೆ, ಪದ ಅವಳದು. ಸೌಟು ಕೆಳಗಿಟ್ಟು ಎದ್ದುಹೋದೆ. ಅವರಿಗೆ ಅರ್ಥವಾಗಲಿಲ್ಲ.

ಗಂಡನನ್ನು ಯಾರಾದರೂ ಕಿತ್ತುಕೊಳ್ಳುತ್ತಾರೆ ಅನ್ನುವ ಭಯವಲ್ಲ ಅದು. ಆ ವಿಷಯದಲ್ಲಿ ನಮ್ಮವರು ಅವರ ಬಾಳೆಗಿಡಗಳಷ್ಟೇ ಸಾಧು. ನನಗೆ ಬೇಕಾಗಿದ್ದದ್ದು ಆ ಜರಡಿ, ಮಧ್ಯಾಹ್ನದ ಆ ಎರಡು ಗಂಟೆ, ಬೆರಳಿಗೆ ಗಟ್ಟಿಯಾದದ್ದು ತಗುಲಿದಾಗ ಮೈಯೆಲ್ಲ ಝುಂ ಅನ್ನುವ ಆ ಗಳಿಗೆ. ಅದನ್ನೀಗ ಇನ್ನೊಬ್ಬಳು ಅನುಭವಿಸುತ್ತಿದ್ದಾಳೆ, ಅದಕ್ಕೆ ಸಂಬಳವನ್ನೂ ತೆಗೆದುಕೊಳ್ಳುತ್ತಿದ್ದಾಳೆ. ನನಗೆ ಉಳಿದದ್ದು ಡ್ರಮ್ಮಿನಲ್ಲಿ ಹಣ್ಣು ಮಾಡಿಕೊಡುವುದೊಂದೇ. ಅದೂ ಪ್ರಯೋಗಶಾಲೆಯ ಇಲಿಗಳ ದಯೆಯಿಂದ.

ಆ ದಿನದ ಗೊನೆ ಕೊನೆಯದು ಅಂದೆನಲ್ಲ. ತೋಟದ ಆ ಮೂಲೆಗೆ ಸೊರಗು ರೋಗ ಹತ್ತಿ ಪರಾಗ ಸವರಿದ್ದ ರಸಬಾಳೆಗಳನ್ನೆಲ್ಲ ಅಗೆಸಿ ಸುಡಿಸಿದ್ದರು. ಕಾಯಿ ಬಲಿತಿದ್ದ ಒಂದೇ ಒಂದು ಗೊನೆ ಉಳಿದಿತ್ತು. ಹಿಂದಿನ ಎರಡು ತಿಂಗಳಿಂದ ಒಂದು ಬೀಜವೂ ಸಿಕ್ಕಿರಲಿಲ್ಲ. ಇದರಲ್ಲೂ ಇಲ್ಲದಿದ್ದರೆ ಮತ್ತೆ ಹೊಸ ಜಾಗ, ಹೊಸ ಕಂದು, ಮೂರು ವರ್ಷ ಹಿಂದಕ್ಕೆ.

ಮಕ್ಕಳನ್ನು ಸ್ಕೂಲಿಗೆ ಕಳಿಸಿ ಒಂಬತ್ತಕ್ಕೆ ಉಗ್ರಾಣದ ಬಾಗಿಲು ತೆಗೆದೆ. ಗೋಣಿ ಎತ್ತಿದರೆ ಆ ವಾಸನೆ! ರಸಬಾಳೆಯ ವಾಸನೆ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಸಿಪ್ಪೆ ಕಾಗದದಷ್ಟು ತೆಳ್ಳಗಾಗಿ ಅಲ್ಲಲ್ಲಿ ಕಂದು ಚುಕ್ಕೆ ಬಂದಿತ್ತು. ಸರಿಯಾದ ಹದ. ಗೊನೆಯನ್ನು ಎತ್ತಿ ಚಾಪೆಯ ಮೇಲಿಟ್ಟೆ. ಮೇಲಿನಿಂದ ಕೆಳಕ್ಕೆ ಚಿಪ್ಪುಗಳನ್ನು ನೋಡಿದೆ. ಎಂಟಿದ್ದವು. ನನ್ನ ಐದು ಬೀಜಗಳಲ್ಲಿ ನಾಲ್ಕು ಮೇಲಿನ ಎರಡು ಚಿಪ್ಪುಗಳಲ್ಲೇ ಸಿಕ್ಕಿದ್ದು ನೆನಪಿತ್ತು. ಇದನ್ನು ನಮ್ಮವರು ಬರೆದಿಟ್ಟುಕೊಂಡಿರಲಿಲ್ಲ, ನನಗಷ್ಟೇ ಗೊತ್ತು.

ಅಡುಗೆಮನೆಯಿಂದ ಚಾಕು ತಂದೆ. ಮೇಲಿನಿಂದ ಎರಡನೆಯ ಚಿಪ್ಪನ್ನು ದಂಟಿಗೆ ಒತ್ತಿ ಕುಯ್ದೆ. ಸೀರೆಯ ನೆರಿಗೆಯ ಮೇಲೆ ಕರೆ ತೊಟ್ಟಿಕ್ಕಿತು. ಬಾಳೆಯ ಕರೆ ಒಗೆದರೆ ಹೋಗುವುದಿಲ್ಲ ಅಂತ ಗೊತ್ತಿದ್ದೂ ಅದರ ಕಡೆ ನೋಡಲಿಲ್ಲ. ಚಿಪ್ಪನ್ನು ಅಕ್ಕಿ ಡಬ್ಬದೊಳಗಿಟ್ಟು, ಗೊನೆಯ ಗಾಯಕ್ಕೆ ಒಂದಿಷ್ಟು ಒಲೆಬೂದಿ ಒರೆಸಿದೆ. ನಾನು ಹುಡುಕುತ್ತಿದ್ದ ಕಾಲದಲ್ಲಿ ಇಡೀ ಗೊನೆಯ ಹಣ್ಣನ್ನು ಒಂದೇ ಬೇಸಿನ್ನಿಗೆ ಹಿಸುಕುತ್ತಿದ್ದೆ. ಎಷ್ಟು ಚಿಪ್ಪಿತ್ತು ಅಂತ ಯಾರು ಕೇಳುತ್ತಿದ್ದರು? ಹಾಗೇ ಅಂದುಕೊಂಡೆ. ನಾನು ಮಾಡಿದ ತಪ್ಪು ಅದು.

ಹತ್ತಕ್ಕೆ ಜೀಪು ಬಂತು. ಹುಡುಗಿ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಒಳಗೆ ಬಂದಳು.

"ಏನ್ರೀ ವೈನಿ, ಹಣ್ಣಾಗ್ಯಾವೇನ್ರಿ?"

ಅವಳ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ. ಬಂದ ದಿನವೇ ನನ್ನನ್ನು ವೈನಿ ಮಾಡಿಕೊಂಡಿದ್ದಳು, ನನ್ನ ಒಪ್ಪಿಗೆ ಕೇಳದೆ.

"ಆಗಿದೆ, ನೋಡಮ್ಮ" ಅಂದೆ.

ಗೊನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂಗು ಹತ್ತಿರ ತಂದು ಕಣ್ಣು ಮುಚ್ಚಿದಳು. "ಅಬ್ಬಬ್ಬಾ! ನಿಮ್ಮಷ್ಟ ಛಲೋ ಹಣ್ಣ ಮಾಡಾಕ ಯಾರಿಗೂ ಬರೂದಿಲ್ರಿ ವೈನಿ."

"ಹುಲ್ಲು ಮುಚ್ಚಿಡೋದೇನು ದೊಡ್ಡ ವಿದ್ಯೆ ಬಿಡಮ್ಮ."

ಅವಳು ನಕ್ಕಳು. ನಾನು ನಗಲಿಲ್ಲ. ಗೊನೆಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಳು. ಎತ್ತುವಾಗ ಅವಳ ಹೆಬ್ಬೆರಳು ದಂಟಿನ ಮೇಲೆ ಒಂದು ಕ್ಷಣ ನಿಂತ ಹಾಗಾಯಿತು. ಬೂದಿ ಕಂಡಿತೇನೋ ಅಂದುಕೊಂಡೆ. ಆದರೆ ಅವಳು, "ಬರ್ತೀನ್ರಿ, ಹೊತ್ತಾದ್ರ ಸರ್ ಬೈತಾರ" ಅಂದು ಹೊರಟೇಬಿಟ್ಟಳು.

ಜೀಪಿನ ಸದ್ದು ಅಡಗಿದ ಮೇಲೆ ಮುಂಬಾಗಿಲಿನ ಚಿಲಕ ಹಾಕಿದೆ. ಅಟ್ಟದ ಮೇಲಿದ್ದ ನನ್ನ ಜರಡಿಯನ್ನು ಇಳಿಸಿದೆ. ಆರು ತಿಂಗಳ ಧೂಳು ಕೂತಿತ್ತು. ತೊಳೆದು, ಹಿತ್ತಲ ಕಟ್ಟೆಯ ಮೇಲೆ ಕೂತೆ. ಬಿಸಿಲು ಹಿತವಾಗಿತ್ತು. ಚಿಪ್ಪಿನಲ್ಲಿ ಹದಿನಾಲ್ಕು ಹಣ್ಣು. ಒಂದು ಸುಲಿದೆ, ಹಿಸುಕಿದೆ, ಏನಿಲ್ಲ. ಎರಡು. ಏನಿಲ್ಲ. ಅವಸರ ಮಾಡಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಏಳನೆಯದರಲ್ಲಿ ಒಂದು ಸಿಕ್ಕಿತು. ಲೋಟದ ನೀರಿಗೆ ಹಾಕಿದರೆ ತೇಲಿತು. ಪೊಳ್ಳು.

ಹನ್ನೊಂದನೆಯ ಹಣ್ಣಿನಲ್ಲಿ ಬೆರಳಿಗೆ ಮತ್ತೆ ತಗುಲಿತು. ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪ, ಒಂದು ಕಡೆ ಚಪ್ಪಟೆ, ಇದ್ದಿಲಿನಷ್ಟು ಕಪ್ಪು. ಲೋಟಕ್ಕೆ ಬಿಟ್ಟೆ. ನೀರಿನ ಮೇಲೆ ಒಂದು ಕ್ಷಣವೂ ನಿಲ್ಲದೆ ನೇರ ತಳಕ್ಕೆ ಹೋಗಿ ಟಿಕ್ ಅಂತ ಕೂತಿತು.

ಆ ಟಿಕ್ ನನಗೀಗಲೂ ಕೇಳಿಸುತ್ತದೆ. ನಾನು ಒಬ್ಬಳೇ ನಕ್ಕೆ. ಜೋರಾಗಿ ನಕ್ಕೆ. ಉಳಿದ ಏಳು ಚಿಪ್ಪಿನಲ್ಲಿ ಅವಳಿಗೆ ಏನೂ ಸಿಗದಿರಲಿ ಅಂತ ದೇವರ ಮನೆಯ ಕಡೆಗೆ ತಿರುಗಿ, ಕೈಯಲ್ಲಿ ಬಾಳೆಹಣ್ಣಿನ ಲೋಳೆ ಇರುವಾಗಲೇ ಬೇಡಿಕೊಂಡೆ. ಇನ್ನೊಬ್ಬರಿಗೆ ಸಿಕ್ಕಿದ್ದನ್ನು ಕಂಡು ಕರುಬುವುದು ಏಳು ದೊಡ್ಡ ಪಾಪಗಳಲ್ಲಿ ಒಂದು ಅಂತ ಸಿಸ್ಟರು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದ್ದರು. ಇನ್ನೊಬ್ಬರಿಗೆ ಸಿಗದಿರಲಿ ಅಂತ ಹರಕೆ ಹೊರುವುದು ಎಷ್ಟನೆಯ ಪಾಪವೋ, ಅದು ಪಟ್ಟಿಯಲ್ಲಿರಲಿಲ್ಲ.

ನಗು ಇಳಿದ ಮೇಲೆ ಯೋಚನೆ ಬಂತು. ಇದನ್ನು ಅವರಿಗೆ ತೋರಿಸುವುದು ಹೇಗೆ? ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ. ರಸಬಾಳೆ ಪೂರ್ತಿ ಹಣ್ಣಾದರೆ ಗೊನೆಯಿಂದ ತಾನೇ ಉದುರುತ್ತದೆ. ಡ್ರಮ್ಮಿನ ತಳದಲ್ಲಿ ಒಂದು ಹಣ್ಣು ಉದುರಿ ಬಿದ್ದಿತ್ತು, ಸುಮ್ಮನೆ ಹಿಸುಕಿ ನೋಡಿದೆ ಅಂದರಾಯಿತು. ಎಷ್ಟು ಸಲೀಸಾದ ಸುಳ್ಳು! ಅನ್ನಕ್ಕಿಡುವಾಗ, ಬಟ್ಟೆ ಹಿಂಡುವಾಗ ಅದನ್ನೇ ಮನಸ್ಸಿನಲ್ಲಿ ಹೇಳಿ ಹೇಳಿ ನೋಡಿದೆ. "ಅಯ್ಯೋ, ಒಂದು ಹಣ್ಣು ಉದುರಿತ್ತು ಕಣ್ರೀ..." ಅವರ ಮುಖ ಅರಳುವುದು ಕಣ್ಣ ಮುಂದೆ ಬರುತ್ತಿತ್ತು. ಪಕ್ಕದಲ್ಲಿ ಆ ಹುಡುಗಿ ಬರಿಗೈಯಲ್ಲಿ ನಿಂತಿರುವುದೂ.

ನಾಲ್ಕೂವರೆಗೆ ಸ್ಕೂಟರ್ ಸದ್ದು. ಎಂದೂ ಆರಕ್ಕೆ ಮುಂಚೆ ಬರುವವರಲ್ಲ. ಹಿಂದಿನ ಸೀಟಿನಲ್ಲಿ ಅವಳು ಒಂದು ಪಕ್ಕಕ್ಕೆ ಕೂತಿದ್ದಳು, ಮಡಿಲಲ್ಲಿ ದಪ್ಪ ರಿಜಿಸ್ಟರು. ನಮ್ಮವರ ಮುಖ ಕಪ್ಪಿಟ್ಟಿತ್ತು.

"ಬೀಜ ಸಿಕ್ತಾ?" ಬಾಗಿಲಲ್ಲೇ ಕೇಳಿದೆ.

"ಬೀಜ ಎಲ್ಲಿ ಬಂತು? ಚಿಪ್ಪೇ ಇಲ್ಲ!" ಅಂದರು. "ಹೂವಿದ್ದಾಗ್ಲೇ ಎಷ್ಟು ಚಿಪ್ಪು ಅಂತ ಎಣಿಸಿ ಗಿಡಕ್ಕೆ ಚೀಟಿ ಕಟ್ಟಿದ್ದೀವಿ. ಎಂಟು ಅಂತ ಬರೆದಿದೆ. ಇವಳು ತಂದಿದ್ದು ಏಳು. ಮೇಲಿನ ಚಿಪ್ಪು ಯಾವುದು, ಕೆಳಗಿಂದು ಯಾವುದು, ಬೇರೆ ಬೇರೆ ಹಿಸುಕಬೇಕು ಅಂತ ಇವಳೇ ಕ್ರಮ ಮಾಡಿದ್ದು. ಈಗ ಇವಳ ಕೈಯಲ್ಲೇ ಒಂದು ಮಾಯ."

ಆ ಕ್ರಮ ನನಗೆ ಗೊತ್ತಿರಲಿಲ್ಲ.

ಹುಡುಗಿ ಬೆಳಗಿನ ಡಬ್ಬಿಯನ್ನು ಚೀಲದಿಂದ ತೆಗೆದು ನನ್ನ ಕೈಗಿಟ್ಟಳು. ಯಾವತ್ತಿನ ಹಾಗೆ ತೊಳೆದು, ಖಾಲಿ ಕೊಡಬಾರದು ಅಂತ ಒಳಗೆ ಒಂದು ಹಿಡಿ ಶೇಂಗಾ ಚಟ್ನಿಪುಡಿ ಹಾಕಿ ತಂದಿದ್ದಳು.

"ಜೀಪಲ್ಲಿ ಡ್ರೈವರ್ ಜೊತೆ ಸೇರಿ ತಿಂದ್ರು ಅಂತ ತೋಟದ ಮೇಸ್ತ್ರಿ ಎಲ್ಲರ ಮುಂದೆ ಹೇಳ್ತಿದಾನೆ" ಅಂದರು ನಮ್ಮವರು, ಈಗ ದನಿ ತಗ್ಗಿಸಿ. "ನಾನು ನಂಬಲ್ಲ. ಆದ್ರೆ ಮುಂದಿನ ತಿಂಗಳು ಇವಳ ಕೆಲಸ ಕಾಯಂ ಮಾಡ್ಬೇಕು, ನಾನು ಏನಂತ ಬರೀಲಿ? ನೀನೇ ಹೇಳು. ಇಲ್ಲಿಂದ ಹೋಗುವಾಗ ಎಷ್ಟು ಚಿಪ್ಪಿತ್ತು?"

ಎಂಟು ಅಂದರೆ ಅವಳು ಕಳ್ಳಿ. ಏಳು ಅಂದರೆ ಚೀಟಿ ಬರೆದದ್ದು ತಪ್ಪು, ಆ ಚೀಟಿಯೂ ಅವಳದೇ ಕೈಬರಹ. ಎರಡರಲ್ಲಿ ಯಾವುದನ್ನು ಹೇಳಿದರೂ ಜರಡಿಯ ಕೆಲಸ ನನ್ನ ಮನೆಗೆ ವಾಪಸು ಬರುತ್ತದೆ. ಅಷ್ಟೂ ನನಗೆ ಒಂದೇ ಉಸಿರಿನಲ್ಲಿ ಹೊಳೆಯಿತು. ಹೊಳೆಯಿತು ಅಂತ ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

"ಒಂದು ಹಣ್ಣು... ಡ್ರಮ್ಮಲ್ಲಿ ಉದುರಿತ್ತು" ಅಂದೆ. ಕಂಠಪಾಠ ಮಾಡಿದ್ದ ಮಾತು, ಬೇಡವಾದ ಹೊತ್ತಿಗೆ ಬಾಯಿಗೆ ಬಂತು.

"ಒಂದು ಹಣ್ಣಿನ ಮಾತಲ್ಲ ಕಣೇ. ಚಿಪ್ಪು! ಚಿಪ್ಪು ತಾನಾಗಿ ಉದುರುತ್ತಾ?"

ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನನ್ನ ಸೀರೆಯ ನೆರಿಗೆಯನ್ನು. ಅಲ್ಲಿ ಕರೆ ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಅವಳ ಹೆಬ್ಬೆರಳಿಗೆ ಬೂದಿ ಹತ್ತಿದ್ದು, ಬೂದಿಯ ಕೆಳಗೆ ಹಸಿ ಗಾಯ ಇದ್ದದ್ದು ಅವಳಿಗೆ ಗೊತ್ತಿತ್ತು. ಅದು ಆ ನೋಟದಲ್ಲೇ ನನಗೆ ತಿಳಿಯಿತು. ಬೆಳಗಿನಿಂದ ಎಲ್ಲರ ಬೈಗುಳ ತಿಂದರೂ ಅವಳು ಬಾಯಿ ಬಿಟ್ಟಿರಲಿಲ್ಲ.

"ಬಿಡ್ರಿ ಸರ್" ಅಂದಳು. "ವೈನಿಗೆ ಯಾಕ ತ್ರಾಸ? ಚೀಟಿ ಕಟ್ಟೂವಾಗ ನಾನ ತಪ್ಪಿ ಎಣಿಸಿದ್ದಿರಬೇಕು. ಹಂಗಂತ ಬರದಬಿಡ್ರಿ."

ನನ್ನನ್ನು ಉಳಿಸಲು ಹೊರಟಿದ್ದಳು! ತನ್ನ ಕೆಲಸ ಹೋದರೂ ಸರಿ, ನನ್ನ ಮರ್ಯಾದೆ ಉಳಿಯಲಿ ಅಂತ. ಆ ಗಳಿಗೆಯಲ್ಲಿ ನನಗೆ ಕರುಣೆ ಹುಟ್ಟಿತು, ಪಶ್ಚಾತ್ತಾಪವಾಯಿತು ಅಂತ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಹೊಟ್ಟೆ ಇನ್ನೂ ಜಾಸ್ತಿ ಉರಿಯಿತು. ಕೈಗುಣವೂ ಅವಳದೇ, ಒಳ್ಳೆಯತನವೂ ಅವಳದೇನಾ? ಇವಳು ದಾನ ಮಾಡಿದ ಮರ್ಯಾದೆಯನ್ನು ನಾನು ದಿನಾ ಉಟ್ಟುಕೊಂಡು ಓಡಾಡಬೇಕಾ?

"ಎಂಟೇ ಇತ್ತು" ಅಂದೆ. "ಒಂದನ್ನ ನಾನೇ ಕುಯ್ದು ಇಟ್ಕೊಂಡೆ."

ನಮ್ಮವರು ನನ್ನ ಕಡೆ ತಿರುಗಿದರು.

"ಯಾಕೆ?" ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರ ಸಿದ್ಧವಿತ್ತು, ಆರು ತಿಂಗಳಿಂದ ಸಿದ್ಧವಿತ್ತು. ಅವರು ಕೇಳಿದ್ದು ಅದಲ್ಲ.

"ಎಷ್ಟನೇದು?"

"ಮೇಲಿಂದ ಎರಡನೇದು."

"ಹಿಸುಕಿದ್ಯಾ?"

"ಹೂಂ."

"ಬೀಜ?"

"ಎರಡು. ಒಂದು ತೇಲಿತು, ಒಂದು ಮುಳುಗಿತು."

"ಎಲ್ಲಿ? ಎಲ್ಲಿಟ್ಟಿದ್ದೀಯಾ?"

ಅಡುಗೆಮನೆಯ ಕಿಟಕಿಯ ಮೇಲಿನ ಲೋಟವನ್ನು ತಂದೆ. ಇಬ್ಬರೂ ಅದರ ಮೇಲೆ ಬಗ್ಗಿದರು. ಎರಡು ತಲೆಗಳು ಒಂದಕ್ಕೊಂದು ತಾಕುವಷ್ಟು ಹತ್ತಿರ. ನಾನು ಲೋಟ ಹಿಡಿದ ಕೈ ಅಷ್ಟೇ. ಹುಡುಗಿ, "ಸರ್, ಛಲೋ ತುಂಬೇದ್ರಿ!" ಅಂದಳು. ನಮ್ಮವರ ಮುಖ, ಮಧ್ಯಾಹ್ನವೆಲ್ಲ ನಾನು ಕಲ್ಪಿಸಿಕೊಂಡಿದ್ದಕ್ಕಿಂತ ಜಾಸ್ತಿಯೇ ಅರಳಿತು. ಅರಳಿದ್ದು ಲೋಟದ ತಳಕ್ಕೆ.

"ಒಣಗಬಾರದು. ಇವತ್ತೇ ಬಿತ್ತಬೇಕು. ಬರ್ಕೋ, ಬರ್ಕೋ" ಅಂದರು.

ಅವಳು ಊಟದ ಮೇಜಿನ ಮೇಲೆ ರಿಜಿಸ್ಟರು ತೆರೆದಳು. ಜಡೆಯಿಂದ ಪೆನ್ಸಿಲು ತೆಗೆದು ಗೆರೆ ಎಳೆದಳು. ಗಿಡದ ಸಂಖ್ಯೆ, ಚಿಪ್ಪು ಎರಡು, ಹಣ್ಣು ಎಷ್ಟು ಅಂತ ನನ್ನನ್ನು ಕೇಳಿದಳು. ಹದಿನಾಲ್ಕು ಅಂದೆ. ಎಷ್ಟನೆಯ ಹಣ್ಣು ಅಂದಳು. ಹನ್ನೊಂದನೆಯದು ಅಂದೆ. ಯಾರೂ ಕೇಳಿಲ್ಲದಿದ್ದರೂ ಎಣಿಸಿಟ್ಟುಕೊಂಡಿದ್ದೆ. ಅವಳ ಕಣ್ಣಲ್ಲಿ ಒಂದು ಮೆಚ್ಚುಗೆ ಮಿಂಚಿತು. ಅದನ್ನು ನಾನು ನೋಡದ ಹಾಗೆ ಮಾಡಿದೆ. ಕೊನೆಯ ಕಾಲಮ್ಮಿನ ಮೇಲೆ 'ತೆಗೆದವರು' ಅಂತ ಬರೆದಿತ್ತು. ನನ್ನ ಕಾಲದಲ್ಲಿ ಆ ಕಾಲಮ್ಮಿರಲಿಲ್ಲ.

ಪೆನ್ಸಿಲು ಅಲ್ಲಿ ನಿಂತಿತು. "ಇಲ್ಲಿ ವೈನಿ ಹೆಸರ ಬರೀಲೇನ್ರಿ ಸರ್?"

ನನ್ನ ಮೈಯೆಲ್ಲ ಕಿವಿಯಾಯಿತು.

"ಏಯ್, ಬೇಡ ಬೇಡ. ಹೊರಗಿನೋರ ಹೆಸರು ಬಂದ್ರೆ ಮೇಲಿನವರು ನೂರು ಪ್ರಶ್ನೆ ಕೇಳ್ತಾರೆ. ಮನೇಲಿ ಯಾಕೆ ತೆಗೆದ್ರಿ ಅಂತಾರೆ. ನಿಂದೇ ಹಾಕು."

ಹೊರಗಿನವರು. ಬೈಗುಳವೇನಲ್ಲ, ಸತ್ಯವೇ. ಅವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಪೆನ್ಸಿಲು ಕಾಗದದ ಮೇಲೆ ಎರಡು ಅಕ್ಷರ ಗೀಚಿದ ಸದ್ದಾಯಿತು. ಅವಳ ಇನಿಷಿಯಲ್ಲು. ಅಲ್ಲಿಗೆ ಅವಳ ಕೆಲಸವೂ ಉಳಿಯಿತು.

ಬೆಂಕಿಪೊಟ್ಟಣದ ಕಡ್ಡಿಗಳನ್ನು ಒಲೆಯ ಪಕ್ಕಕ್ಕೆ ಸುರಿದು, ಹತ್ತಿ ಒದ್ದೆ ಮಾಡಿ, ಬೀಜವನ್ನು ಅದರಲ್ಲಿ ನಾನೇ ಮಲಗಿಸಿದೆ. ಆ ಬೀಜ ಒಂದೂವರೆ ತಿಂಗಳಿಗೆ ಮೊಳೆಯಿತು. ನಾಲ್ಕು ಎಲೆ ಬಿಟ್ಟಿತು, ಐದನೆಯದು ಬಿಚ್ಚುವ ಮುಂಚೆ ಬುಡ ಕೊಳೆತು ಸತ್ತಿತು. ಯಾರ ತಪ್ಪೂ ಅಲ್ಲ, ಬಾಳೆಯ ಬೀಜಗಳ ಹಣೆಬರಹವೇ ಹಾಗೆ ಅಂತ ಹೇಳಿದರೂ ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅದಕ್ಕೆ ಜೀವವಿತ್ತು, ಮತ್ತು ಅದು ನನ್ನ ಮನೆಯಿಂದ ಹೊರಟಿತ್ತು.

"ಬರ್ತೀವಿ ಕಣೇ. ಕತ್ತಲಾಗೋ ಮುಂಚೆ ಬಿತ್ತಿ ಬಂದ್ಬಿಡ್ತೀನಿ" ಅಂದರು. ಚಿಪ್ಪಿನ ಮಾತನ್ನು ಆಗಲೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿ ಹೊಸಿಲಲ್ಲಿ ಒಂದು ಕ್ಷಣ ನಿಂತಳು. ಏನೋ ಹೇಳಬೇಕೆಂದುಕೊಂಡಳು. "ಚಟ್ನಿಪುಡಿ ಖಾರ ಆಗೇದ್ರಿ ವೈನಿ, ಎಣ್ಣಿ ಹಾಕ್ಕೊಂಡ ಉಣ್ರಿ" ಅಂದಳು, ಅಷ್ಟೇ.

ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕೂತು ಒಂದು ಕೈಯಲ್ಲಿ ಸೀಟಿನ ಹಿಡಿ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣವನ್ನು ಎದೆಗೆ ಒತ್ತಿಕೊಂಡಿದ್ದಳು. ಬೀದಿಯುದ್ದಕ್ಕೂ ನಾನು ಆ ಕೈಯನ್ನೇ ನೋಡುತ್ತಿದ್ದೆ. ಒಂದು ಗುಂಡಿ ಬಂದಾಗ ಅವಳು ಪೊಟ್ಟಣವನ್ನು ಇನ್ನಷ್ಟು ಬಿಗಿಯಾಗಿ ಹಿಡಿದದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು. ಗೇಟಿನ ಕಂಬಿ ಹಿಡಿದು ನಿಂತೆ.

ಪಕ್ಕದ ಮನೆಯಾಕೆ, ರೈಲ್ವೆ ಗಾರ್ಡಿನ ಹೆಂಡತಿ, ಕಾಂಪೌಂಡಿನ ಆ ಕಡೆ ಒಣಗಿದ ಬಟ್ಟೆ ತೆಗೆಯುತ್ತಾ ಎಲ್ಲವನ್ನೂ ನೋಡಿದ್ದರು. ಕ್ಲಿಪ್ಪುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳುತ್ತಾ, ನನ್ನ ಕಡೆ ಸರಿಯಾಗಿ ತಿರುಗದೆಯೇ ಅಂದರು:

"ಏನೇ ಹೇಳಿ, ನೀವು ಭಾರಿ ಒಳ್ಳೆಯವ್ರು ಕಣ್ರೀ. ವಯಸ್ಸಿನ ಹುಡುಗಿ ಯಜಮಾನ್ರ ಹಿಂದೆ ಹಿಂಗೆ ಸ್ಕೂಟರಲ್ಲಿ ಹೋದ್ರೆ, ನಾನಾಗಿದ್ರೆ ಹೊಟ್ಟೆಕಿಚ್ಚಲ್ಲಿ ಬೆಂದು ಹೋಗ್ತಿದ್ದೆ. ನಿಮಗೆ ಅದೆಲ್ಲ ಗೊತ್ತೇ ಇಲ್ಲ ಬಿಡಿ. ಅಂದಹಾಗೆ, ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಇದ್ರೆ ಕೊಡ್ತೀರಾ?"